ರೊಟ್ಟಿಯ ಮುಂದೆ ಹದಿನೇಳು ಪ್ರಶ್ನೆ

ಡಾಕ್ಟರ್ ಉಲಾನ್ ನಾಲ್ಕನೆಯ ಸಲ ಮನೆಗೆ ಬಂದದ್ದು ಮಾರ್ಚ್ ತಿಂಗಳ ಕೊನೆಯ ಭಾನುವಾರ, ಬೆಳಿಗ್ಗೆ ಹನ್ನೊಂದು ಗಂಟೆಗೆ. ಬರುತ್ತೇನೆಂದು ಗುರುವಾರವೇ ಫೋನ್ ಮಾಡಿದ್ದ. ಹಾಗಾಗಿ ಬೆಗಾಯಿಮ್ ಹಿಂದಿನ ದಿನವೇ ಹಿಟ್ಟು ನಾದಿಟ್ಟು, ಬೆಳಿಗ್ಗೆ ಏಳಕ್ಕೆಲ್ಲ ಎರಡು ಬೋಗುಣಿ ಬೋರ್ಸೋಕ್ ಕರಿದಿದ್ದಳು. ದಸ್ತರ್‌ಖಾನ್ ಬಟ್ಟೆ ಹಾಸಿ, ನಡುವೆ ದುಂಡು ರೊಟ್ಟಿ ಇಟ್ಟು, ಸುತ್ತ ಕೆನೆ, ಏಪ್ರಿಕಾಟ್ ಜಾಮು, ಒಣದ್ರಾಕ್ಷಿ, ಸಕ್ಕರೆ ಜೋಡಿಸಿದಳು. ಮನೆಗೆ ಬಂದವನು ಡಾಕ್ಟರಾದರೇನು, ವಿದ್ಯುತ್ ಮೀಟರು ನೋಡುವವನಾದರೇನು, ಬಿಷ್ಕೆಕ್‌ನ ಹೊರವಲಯದ ಆ ಬೀದಿಯಲ್ಲಿ ಏನೂ ಇಡದೆ ಕೂರಿಸುವ ಪದ್ಧತಿ ಇಲ್ಲ.

ಉಲಾನ್ ಬಂದಿದ್ದು ಅವಳ ಅತ್ತೆ ಜೂರಾಕಾನ್‌ಗಾಗಿ. ಅರವತ್ತೇಳು ವರ್ಷದ ಆಕೆ ಮೂವತ್ತೊಂದು ವರ್ಷ ಶಿಶುವಿಹಾರದ ಅಡುಗೆಮನೆಯಲ್ಲಿ ದುಡಿದವರು. ಎರಡು ಚಳಿಗಾಲದ ಹಿಂದೆ ಮಾತು, ಊಟ, ನಿದ್ದೆ ಒಂದೊಂದಾಗಿ ಕಡಿಮೆಯಾಗುತ್ತ ಬಂದವು. ಯಾರೂ ಸತ್ತಿರಲಿಲ್ಲ, ಏನೂ ಕಳೆದಿರಲಿಲ್ಲ. ಕಾರಣ ಸಿಗದಿದ್ದಾಗ ನೆರೆಯವರು ಕಣ್ಣು ತಾಗಿದೆ ಎಂದರು, ಮಗ ತಾಲಾಯ್ ನರಗಳ ತೊಂದರೆ ಎಂದ, ವೈದ್ಯರು ಖಿನ್ನತೆ ಎಂದರು. ಜನವರಿಯಲ್ಲಿ ಒಂದು ವೈದ್ಯಕೀಯ ಸಂಸ್ಥೆಯವರು ಹೊಸ ಕ್ಯಾಪ್ಸೂಲಿನ ಅಧ್ಯಯನಕ್ಕೆ ಜೂರಾಕಾನ್ ಅವರನ್ನು ಸೇರಿಸಿಕೊಂಡರು. ಹದಿನಾರು ವಾರದ ಔಷಧಿ. ಮೊದಲ ಎಂಟು ವಾರ ಎರಡು ವಾರಕ್ಕೊಮ್ಮೆ, ಆಮೇಲೆ ಕೊನೆಯ ವಾರ ಒಮ್ಮೆ ರಕ್ತದೊತ್ತಡ ನೋಡಿ, ಹದಿನೇಳು ಪ್ರಶ್ನೆ ಕೇಳಿ, ಅಂಕ ಹಾಕುವುದು ಉಲಾನ್‌ನ ಕೆಲಸ.

"ಕಳೆದ ವಾರ ಮನಸ್ಸು ಹೇಗಿತ್ತು, ಅಪಾ?" ಎಲ್ಲರಂತೆ ಉಲಾನ್ ಕೂಡ ಅವರನ್ನು ಅಮ್ಮ ಎನ್ನುವ ಹಾಗೆ ಅಪಾ ಎನ್ನುತ್ತಿದ್ದ.

"ಶುಕುರ್, ದೇವರ ದಯೆ. ನೀನು ತಗೋ ಮಗಾ, ಕೆನೆ ಹಚ್ಕೊಂಡು ತಿನ್ನು."

"ನಿದ್ದೆ?"

"ಶುಕುರ್. ಮುದುಕೀರಿಗೆ ಎಷ್ಟು ನಿದ್ದೆ ಬೇಕು? ಬರುತ್ತೆ."

"ಬದುಕೋದೇ ಬೇಡ ಅಂತ ಯಾವತ್ತಾದ್ರೂ..."

ಜೂರಾಕಾನ್ ರೊಟ್ಟಿಯ ಕಡೆ ಒಮ್ಮೆ ನೋಡಿದರು. "ಏನು ಮಾತಪ್ಪಾ ಇದು! ಇಲ್ಲ, ಇಲ್ಲ. ಸೊಸೇ, ಡಾಕ್ಟರ ಬಟ್ಟಲು ಖಾಲಿ."

ಬೆಗಾಯಿಮ್ ಬಾಗಿಲ ಪಕ್ಕದ ತನ್ನ ಜಾಗದಿಂದ ಬಟ್ಟಲು ಇಸಕೊಂಡು ಅರ್ಧಕ್ಕೆ ಚಹಾ ಸುರಿದಳು. ತುಂಬ ಸುರಿದರೆ ಕುಡಿದು ಹೊರಡು ಎಂದಂತೆ. ಉಲಾನ್ ಒಂದು ಕೈಯಲ್ಲಿ ಬೋರ್ಸೋಕ್ ಹಿಡಿದು ಇನ್ನೊಂದು ಕೈಯಲ್ಲಿ ಅಂಕ ಕೂಡಿದ.

"ಆರು! ಜನವರೀಲಿ ಇಪ್ಪತ್ಮೂರು ಇತ್ತು. ಏಳು ಅಥವಾ ಅದಕ್ಕಿಂತ ಕೆಳಗೆ ಬಂದ್ರೆ ನಾವು ಗುಣ ಅಂತ ಬರೀತೀವಿ."

ತಾಲಾಯ್ ಎದ್ದು ನಿಂತು ಡಾಕ್ಟರ ಕೈ ಎರಡೂ ಕೈಯಲ್ಲಿ ಹಿಡಿದುಕೊಂಡ. ಜೂರಾಕಾನ್ ಅಂಗೈಗಳನ್ನು ಮುಖದ ಮೇಲೆ ಸವರಿ ಹರಸಿದರು: "ನಿನ್ನ ಓದಿಗೆ ಒಳ್ಳೇದಾಗ್ಲಿ. ನಿನ್ನ ತಾಯಿ ಇದ್ದಿದ್ರೆ ಸಂತೋಷ ಪಡ್ತಿದ್ಲು." ಉಲಾನ್ ಕೊಟ್ಟ ಚೀಟಿಯನ್ನು—ಸಂಖ್ಯೆ 41, ಎಂಟನೇ ವಾರ, ಅಂಕ 6—ತಾಲಾಯ್ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ.

ಅತಿಥಿ ಹೋದ ಮೇಲೆ ಬಟ್ಟಲು ತೊಳೆಯುವಾಗ ಬೆಗಾಯಿಮ್ ಗಮನಿಸಿದಳು: ಅತ್ತೆಯ ಚಹಾ ಹಾಗೇ ಇತ್ತು, ಮೇಲೆ ಹಾಲಿನ ಕೆನೆ ಕಟ್ಟಿತ್ತು. ಚೆಲ್ಲಿದಳು. ಆರು ಎಂಬ ಅಂಕ ಅವಳಿಗೂ ಬೇಕಾಗಿತ್ತು.

ಬೆಗಾಯಿಮ್‌ಳ ಕೆಲಸವೇ ಇಂಥ ಅಂಕಗಳನ್ನು ನಂಬಬಹುದೇ ಎಂದು ನೋಡುವುದು. ಯಾವ ಕಾಯಿಲೆಗೆ ಯಾವ ಔಷಧಿ ಬರೆಯಬೇಕೆಂದು ನಾಡಿನ ವೈದ್ಯರಿಗೆಲ್ಲ ಸೂಚಿಸುವ ಸಮಿತಿಯೊಂದರ ಕಚೇರಿಯಲ್ಲಿ ಅವಳು ಹನ್ನೊಂದು ವರ್ಷದಿಂದ ಅಧ್ಯಯನಗಳನ್ನು ಓದುತ್ತಿದ್ದಳು. ರೋಗಿಗಳನ್ನು ಎರಡು ಗುಂಪು ಮಾಡಿದ್ದು ಹೇಗೆ, ಎಷ್ಟು ಜನ ನಡುವೆ ಬಿಟ್ಟುಹೋದರು, ಅಳೆದವರು ಯಾರು, ಯಾರಿಗೆ ಯಾವ ಔಷಧಿ ಎಂದು ಅಳೆಯುವವರಿಗೆ ಗೊತ್ತಿತ್ತೇ ಎಂದು ಒಂದೊಂದಕ್ಕೂ ಗುರುತು ಹಾಕಿ, ಕೊನೆಗೆ ನಂಬಿಕೆಯ ದರ್ಜೆ ಕೊಡಬೇಕು. ಮನೆಯಲ್ಲಿ ಈ ಕೆಲಸಕ್ಕೆ ಅಂಥ ಮರ್ಯಾದೆ ಇರಲಿಲ್ಲ. "ಬೇರೆಯವರು ಬೇಯಿಸಿದ ಪಲಾವಿನಲ್ಲಿ ಕಲ್ಲು ಹುಡುಕೋ ಸಂಬಳ," ಎನ್ನುತ್ತಿದ್ದ ತಾಲಾಯ್. ಅವನದು ಕಾರು ರಿಪೇರಿ.

ಏಪ್ರಿಲ್ ಎರಡನೆಯ ವಾರ ಕಚೇರಿಯ ಮುಖ್ಯಸ್ಥೆ ಕ್ಲಾರಾ ಇಸಾಕೊವ್ನಾ ಅವಳ ಮೇಜಿನ ಮೇಲೆ ಒಂದು ಕಡತ ಇಟ್ಟರು. ಹೊಸ ಕ್ಯಾಪ್ಸೂಲಿನ ಅಧ್ಯಯನ, ಎಂಟು ವಾರದ ವರದಿ, ನೂರ ಹದಿನೆಂಟು ರೋಗಿಗಳು. ಹಳೆಯ ಮಾತ್ರೆ ತೆಗೆದುಕೊಂಡವರಿಗಿಂತ ಹೊಸ ಕ್ಯಾಪ್ಸೂಲಿನವರ ಅಂಕ ಸರಾಸರಿ ಐದು ಹೆಚ್ಚು ಇಳಿದಿತ್ತು.

"ಐದು ಅಂದ್ರೆ ಸಣ್ಣದಲ್ಲ," ಎಂದರು ಕ್ಲಾರಾ. "ಮೇ ಐದಕ್ಕೆ ಸಮಿತಿ ಕೂರುತ್ತೆ. ಹಳೇ ಮಾತ್ರೆ ಜಾಗಕ್ಕೆ ಇದನ್ನ ಬರೀಬೇಕು ಅಂತ ಸಂಸ್ಥೆಯವರ ಆತುರ."

ಬೆಗಾಯಿಮ್ ಎರಡು ದಿನ ಓದಿದಳು. ಅಳತೆ ಎಲ್ಲಿ ನಡೆಯಿತು ಎಂಬಲ್ಲಿ ಒಂದೇ ಸಾಲಿತ್ತು: ಭಾಗವಹಿಸಿದವರಿಗೆ ಅನುಕೂಲವಾದ ಸ್ಥಳದಲ್ಲಿ. ಅವಳು ಸಂಸ್ಥೆಗೆ ಪತ್ರ ಬರೆದು ಕೇಳಿದಳು. ಮೂರನೆಯ ದಿನ ಉತ್ತರ ಬಂತು. ಹೊಸ ಕ್ಯಾಪ್ಸೂಲಿಗೆ ರಕ್ತದೊತ್ತಡ ನೋಡಲೇಬೇಕಾದ್ದರಿಂದ ಆ ಗುಂಪಿನವರನ್ನು ಮನೆಯಲ್ಲೇ ಪ್ರಶ್ನಿಸಲಾಗಿದೆ. ಹಳೆಯ ಮಾತ್ರೆಯವರನ್ನು ಪಾಲಿಕ್ಲಿನಿಕ್‌ನಲ್ಲಿ.

ಪಾಲಿಕ್ಲಿನಿಕ್ ಎಂದರೆ ಏನೆಂದು ಅವಳಿಗೆ ಗೊತ್ತಿತ್ತು. ಕಾರಿಡಾರಿನಲ್ಲಿ ಒಂದೂವರೆ ಗಂಟೆ ಸರದಿ, ಕೂರಲು ಆರು ಕುರ್ಚಿ. ಮನೆ ಎಂದರೆ ಏನೆಂದು ಇನ್ನೂ ಚೆನ್ನಾಗಿ ಗೊತ್ತಿತ್ತು. ವರದಿಯ ಕೊನೆಯ ಪಟ್ಟಿಯಲ್ಲಿ ನಲವತ್ತೊಂದನೆಯ ಸಾಲಿನ ಮೇಲೆ ಬೆರಳಿಟ್ಟು ಅವಳು ಓದಿದಳು. ಇಪ್ಪತ್ಮೂರು, ಆರು. ಆ ಆರಕ್ಕೆ ಚಹಾ ಸುರಿದಿದ್ದು ಅವಳೇ.

"ಕ್ಲಾರಾ ಇಸಾಕೊವ್ನಾ, ನನ್ನ ಅತ್ತೆ ಈ ಅಧ್ಯಯನದಲ್ಲಿದ್ದಾರೆ."

"ಇದನ್ನ ಮೊದಲ ದಿನಾನೇ ಹೇಳೋದಲ್ವಾ?"

"ಇದೇ ಅಧ್ಯಯನ ಅಂತ ಪಟ್ಟಿ ನೋಡಿದ ಮೇಲೇ ಗೊತ್ತಾಯ್ತು."

"ಸರಿ. ಇನ್ನು ನೀನು ದರ್ಜೆ ಹಾಕೋ ಹಾಗಿಲ್ಲ." ಕ್ಲಾರಾ ಕನ್ನಡಕ ತೆಗೆದರು. "ಅವರು ಗುಣ ಆಗಿಲ್ವಾ?"

"ಆಗಿಲ್ಲ ಅನ್ಸುತ್ತೆ."

"ಅನ್ಸುತ್ತೆ ಅಂತ ಯಾರಾದ್ರೂ ಬರೆದುಕೊಟ್ರೆ ನೀನು ಎಲ್ಲಿಗೆ ಎಸೀತೀಯ? ಕಸದ ಬುಟ್ಟಿಗೆ. ಒಂದು ಮನೆಯ ಸುದ್ದಿ ಸಾಕ್ಷಿ ಅಲ್ಲ. ಆದ್ರೆ ಹದಿನಾರನೇ ವಾರದ ಅಳತೆ ಇನ್ನೂ ಬಾಕಿ ಇದೆ. ಅದನ್ನ ಬೇರೆ ಥರ ಮಾಡಿ ಅಂತ ಸಮಿತಿ ಕೇಳಬಹುದು. ಯಾಕೆ ಕೇಳ್ಬೇಕು ಅನ್ನೋದಕ್ಕೆ ಕಾಗದದ ಮೇಲೆ ಕಾರಣ ಬೇಕು. ನಿನ್ನ ಅತ್ತೆ ಸಹಿ ಹಾಕ್ತಾರಾ, ನಾನು ಹೇಳಿದ್ದು ನಿಜ ಅಲ್ಲ ಅಂತ?"

ಬೆಗಾಯಿಮ್ ಕಡತ ಮುಚ್ಚಿ ಕ್ಲಾರಾ ಅವರ ಕಡೆ ಸರಿಸಿದಳು.

ಆ ಸಂಜೆ ಲಗ್ಮಾನ್ ಮಾಡಿದ್ದಳು. ಹದಿನಾರು ವರ್ಷದ ಮಗಳು ಜಿಬೆಕ್ ತಟ್ಟೆ ಹಂಚಿದಳು. ಜೂರಾಕಾನ್ ಶಾವಿಗೆಯನ್ನು ಚಮಚದಿಂದ ಒಂದು ಬದಿಗೆ ಸರಿಸಿ ಸಾರು ಮಾತ್ರ ಎರಡು ಗುಟುಕು ಕುಡಿದರು. ಬೆಗಾಯಿಮ್ ಕಡತದ ವಿಷಯ ಹೇಳಿದಳು. ಸಾಧ್ಯವಾದಷ್ಟು ಮೆತ್ತಗೆ ಹೇಳಿದಳು, ಆದರೂ ಅದು ಮೆತ್ತಗಿನ ವಿಷಯವಲ್ಲ.

"ಅಂದ್ರೆ ನಮ್ಮಮ್ಮ ಸುಳ್ಳು ಹೇಳಿದ್ಲು ಅಂತೀಯಾ?" ತಾಲಾಯ್ ಚಮಚ ಕೆಳಗಿಟ್ಟ.

"ಸುಳ್ಳು ಅಂತ ಯಾರಂದ್ರು? ಅತಿಥಿ ಮುಂದೆ ಯಾರಾದ್ರೂ ಗೋಳು ತೋಡ್ಕೋತಾರಾ?"

"ಡಾಕ್ಟರು ಅತಿಥಿ ಅಲ್ಲ, ಡಾಕ್ಟರು. ಫ್ರಿಜ್ಜಿನ ಮೇಲೆ ನೋಡು. ಆರು! ಕಣ್ಣು ಕಾಣುತ್ತೆ ತಾನೆ?"

"ಕಾಣುತ್ತೆ. ಅಪಾ ತಟ್ಟೆನೂ ಕಾಣುತ್ತೆ."

"ನನ್ನ ತಟ್ಟೆ ಬಿಡಿ," ಎಂದರು ಜೂರಾಕಾನ್. "ಮುದುಕಿ ಹೊಟ್ಟೆ ಗುಬ್ಬಿ ಹೊಟ್ಟೆ."

"ಚೊಂಗಪಾ ನಿದ್ದೆನೂ ಮಾಡಲ್ಲ," ಎಂದಳು ಜಿಬೆಕ್. ಅಜ್ಜಿಯ ಕೋಣೆಯಲ್ಲೇ ಅವಳ ಹಾಸಿಗೆ. "ನಾನು ಯಾವಾಗ ಎದ್ರೂ ಹಾಸಿಗೆ ಮೇಲೆ ಕೂತಿರ್ತಾರೆ. ಚಪ್ಪಲಿ ಹಾಕ್ಕೊಂಡು. ಎಲ್ಲಿಗೋ ಹೊರಟೋರ ಥರ."

"ಬಾಯಿ ಮುಚ್ಚೇ!" ಜೂರಾಕಾನ್‌ರ ಧ್ವನಿ ಎರಡು ವರ್ಷದಲ್ಲಿ ಅಷ್ಟು ಎತ್ತರಕ್ಕೆ ಹೋಗಿರಲಿಲ್ಲ. "ನಿನ್ನ ಗೊರಕೆಗೆ ಯಾರಿಗೆ ನಿದ್ದೆ ಬರುತ್ತೆ?"

ಜಿಬೆಕ್ ನಗಲಿಲ್ಲ. ತಾಲಾಯ್ ಹೆಂಡತಿಯ ಕಡೆ ತಿರುಗಿದ. "ನಿನ್ನ ಆಫೀಸಿಗೆ ಕಲ್ಲು ಬೇಕು, ಹುಡುಕೋಕೆ ಬೇರೆ ಪಲಾವು ಸಿಗ್ಲಿಲ್ವಾ? ನನ್ನ ತಾಯಿ ಹುಷಾರಾಗೋದು ನಿನಗೆ ಬೇಡ್ವಾ?"

ಬೆಗಾಯಿಮ್ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು.

ಮುಂದಿನ ಹತ್ತು ದಿನ ಗಂಡ ಹೆಂಡತಿ ಉಪ್ಪು ಕೊಡು, ಗೇಟು ಹಾಕು ಎಂಬಷ್ಟೇ ಮಾತಾಡಿದರು. ಚೀಟಿ ಫ್ರಿಜ್ಜಿನ ಮೇಲೇ ಇತ್ತು. ಬೆಗಾಯಿಮ್ ಹಾಲು ತೆಗೆಯುವಾಗಲೆಲ್ಲ ಅದನ್ನು ಓದುತ್ತಿದ್ದಳು. ಅತ್ತೆಯ ಏಪ್ರನ್ನು ಒಗೆಯಲು ಹಾಕುವಾಗ ಜೇಬಿನಲ್ಲಿ ಒಣ ರೊಟ್ಟಿಯ ತುಂಡುಗಳು ಸಿಕ್ಕವು. ಅವು ದಿನವೂ ಹಿತ್ತಲಿನ ಕೋಳಿಗಳಿಗೆ ಹೋಗುತ್ತಿದ್ದವು ಎಂದು ಜಿಬೆಕ್ ಹೇಳಿದಳು. "ಕೋಳಿ ದಪ್ಪ ಆಗಿರೋದು ನೋಡಿಲ್ವಾ ಅಮ್ಮಾ?"

ಏಪ್ರಿಲ್ ಕೊನೆಯ ಶನಿವಾರ ಆಲೂಗಡ್ಡೆ ನೆಡುವ ದಿನ. ತಾಲಾಯ್ ರಿಪೇರಿ ಅಂಗಡಿಗೆ ಹೋಗಿದ್ದ. ಬೆಗಾಯಿಮ್ ಸಲಿಕೆಯಿಂದ ಗುಂಡಿ ತೋಡುತ್ತ ಹೋದಳು, ಜೂರಾಕಾನ್ ಬಕೆಟ್ಟಿನಿಂದ ಮೊಳಕೆ ಬಂದ ಗಡ್ಡೆ ತೆಗೆದು ಒಂದೊಂದಾಗಿ ಇಡುತ್ತ ಬಂದರು. ಎರಡು ಸಾಲು ಮುಗಿದವು.

"ನಿನ್ನ ಕೆಲಸ ಹೋಗುತ್ತಾ?" ಜೂರಾಕಾನ್ ಕೇಳಿದರು.

"ಯಾಕೆ ಹೋಗುತ್ತೆ ಅಪಾ? ಬೇರೆಯವರು ದರ್ಜೆ ಹಾಕ್ತಾರೆ. ನನ್ನ ಕೆಲಸಕ್ಕೇನೂ ಆಗಲ್ಲ."

"ಮತ್ಯಾಕೆ ಈ ರಂಪ?"

"ನೀವು ಗುಣ ಆಗಿದೀರ ಅಂತ ಬರೆದುಬಿಟ್ಟಿದ್ದಾರೆ. ಗುಣ ಆದೋರಿಗೆ ಯಾರೂ ಬೇರೆ ಔಷಧಿ ಕೊಡಲ್ಲ. ನಿಮಗೂ ಕೊಡಲ್ಲ, ನಿಮ್ಮ ಥರಾನೇ ಶುಕುರ್ ಅಂದ ಬೇರೆ ಮನೆಯ ಮುದುಕಿಗೂ ಕೊಡಲ್ಲ."

ಜೂರಾಕಾನ್ ಗಡ್ಡೆಯ ಮೇಲಿನ ಮಣ್ಣು ಹೆಬ್ಬೆರಳಿನಿಂದ ಉಜ್ಜಿದರು. "ಆ ಹುಡುಗ ಊರಿನ ಆ ಕಡೆಯಿಂದ ಎರಡು ಬಸ್ಸು ಬದಲಿಸಿ ಬರ್ತಾನೆ. ತಾಯಿ ಇಲ್ಲ. ನಾನು ಹುಷಾರಾದ್ರೆ ಅವನಿಗೊಂದು ಒಳ್ಳೇ ಹೆಸರು. ಎದುರಿಗೆ ರೊಟ್ಟಿ ಇದೆ. ರೊಟ್ಟಿ ಮುಂದೆ ಸಾವಿನ ಮಾತಾಡಬಾರದು ಅಂತ ನಿಮ್ಮಮ್ಮ ನಿನಗೆ ಹೇಳಿಕೊಟ್ಟಿಲ್ವಾ? ಅವನು ರೊಟ್ಟಿ ಮುಂದೇನೇ ಕೇಳ್ತಾನೆ. ಮಗ ಕೂತಿದ್ದಾನೆ, ನೀನು ಕೂತಿದ್ದೀಯ. ಏನಂತ ಹೇಳ್ಲಿ?"

"ಈಗ ರೊಟ್ಟಿ ಇಲ್ಲ. ಈಗ ಹೇಳಿ."

"ನೀನು ಸೊಸೆ. ನಿನಗೆ ಹೇಳಿದ್ರೆ ನಾಳೆ ನನ್ನ ಕೈಯಿಂದ ಚಾಕು ಕಿತ್ಕೋತೀಯ, ಸ್ನಾನಕ್ಕೆ ಹೋದ್ರೆ ಬಾಗಿಲಲ್ಲಿ ನಿಲ್ತೀಯ. ಮಗನಿಗೆ ಹೇಳಿದ್ರೆ ಅವನು ಅಳ್ತಾನೆ."

ಬೆಗಾಯಿಮ್ ಸಲಿಕೆ ಊರಿ ನಿಂತಳು. "ಮತ್ಯಾರಿಗೆ ಹೇಳ್ತೀರ?"

"ಯಾರೋ ಗೊತ್ತಿಲ್ದೋರಿಗೆ. ಮುಖ ನೋಡೋ ಹಾಗಿರಬಾರದು. ಅವರಿಗೆ ಚಹಾ ಕೊಡೋ ಹಾಗೂ ಇರಬಾರದು." ಜೂರಾಕಾನ್ ಮುಂದಿನ ಗುಂಡಿ ತೋರಿಸಿದರು. "ಆಳ ಸಾಲದು. ಇನ್ನೊಂದು ಗೇಣು ತೋಡು."

ಬೆಗಾಯಿಮ್ ಇನ್ನೊಂದು ಗೇಣು ತೋಡಿದಳು. ಸಾಲು ಮುಗಿಸಿ ಕೈ ತೊಳೆದವಳು ಮೊದಲು ತಾಲಾಯ್‌ಗೆ ಫೋನ್ ಮಾಡಿ ಅಂಗಡಿ ಮುಚ್ಚಿ ಬಾ ಎಂದಳು. ಅಡುಗೆಮನೆಯಲ್ಲಿ ನಿಂತೇ ಅವನಿಗೆ ಅತ್ತೆಯ ಮಾತುಗಳನ್ನು ಒಂದೂ ಬಿಡದೆ ಹೇಳಿದಳು. ಚಾಕುವಿನ ಮಾತಿಗೆ ಅವನು ಕುರ್ಚಿ ಎಳೆದು ಕೂತ. ಆಮೇಲೆ ಎದ್ದು ಫ್ರಿಜ್ಜಿನ ಮೇಲಿನ ಚೀಟಿ ಕಿತ್ತು ಅವಳ ಕೈಗೆ ಕೊಟ್ಟ. "ನಿನ್ನ ಕಡತಕ್ಕೆ ಹಾಕ್ಕೋ."

ಅವತ್ತಿನಿಂದ ಜೂರಾಕಾನ್ ಮನೆಯಲ್ಲಿ ಒಬ್ಬರೇ ಇರದಂತೆ ಮೂವರೂ ಸರದಿ ಹಾಕಿಕೊಂಡರು. ಸೋಮವಾರ ತಾಲಾಯ್ ತಾಯಿಯನ್ನು ಪಾಲಿಕ್ಲಿನಿಕ್‌ಗೆ ಕರೆದುಕೊಂಡು ಹೋದ. ವೈದ್ಯೆ ಕಂಪ್ಯೂಟರು ನೋಡಿ, ಇವರ ಅಂಕ ಆರು ಇದೆ, ಅಧ್ಯಯನದ ಔಷಧಿ ನಡೀತಿದೆ, ಮಧ್ಯೆ ನಾವು ಕೈ ಹಾಕೋ ಹಾಗಿಲ್ಲ ಎಂದಳು. ಹೇಗಿದೀರ ಎಂದು ಜೂರಾಕಾನ್‌ರನ್ನೇ ಕೇಳಿದಳು. ಜೂರಾಕಾನ್ ಮಗನ ಮುಖ ನೋಡಿದರು. "ಶುಕುರ್," ಎಂದರು.

ಉಲಾನ್‌ಗೆ ಬೆಗಾಯಿಮ್ ತಾನೇ ಫೋನ್ ಮಾಡಿದಳು. ಬೆನ್ನ ಹಿಂದೆ ಬರೆಯುವುದು ಅವಳಿಗೆ ಇಷ್ಟವಿರಲಿಲ್ಲ.

"ಎಜೆ, ನಾನು ಒಂದು ಅಂಕಾನೂ ಸುಳ್ಳು ಬರೆದಿಲ್ಲ," ಎಂದ ಅವನು. ಅಕ್ಕನನ್ನು ಕರೆಯುವಂತೆ ಅವಳನ್ನು ಎಜೆ ಎಂದೇ ಕರೆಯುತ್ತಿದ್ದ.

"ಗೊತ್ತು ತಮ್ಮಾ. ಅವರು ಹೇಳಿದ್ದನ್ನೇ ಬರೆದಿದೀಯ. ಬೇರೆ ಮನೆಗಳಲ್ಲಿ ಹೇಗಿತ್ತು ಹೇಳು."

ಅವನು ನಕ್ಕಂತೆ ಕೇಳಿಸಿತು. "ನಾನೂ ನನ್ನ ಜೊತೆಯವನೂ ಸೇರಿ ಐವತ್ತೊಂಬತ್ತು ಮನೆ. ಒಂದರಲ್ಲೂ ಬರೀ ನೀರು ಕುಡಿಸಿ ಕಳಿಸ್ಲಿಲ್ಲ. ಎಂಟು ವಾರದಲ್ಲಿ ನಾನು ಆರು ಕಿಲೋ ದಪ್ಪ ಆದೆ, ಎಜೆ. ಬೆಲ್ಟಿಗೆ ಹೊಸ ತೂತು ಹಾಕಿಸ್ದೆ."

"ಇದನ್ನ ಬರೀಲಾ?"

"ಬರೀರಿ. ನಾನೂ ಸಹಿ ಹಾಕ್ತೀನಿ. ಅಪಾಗೆ ನನ್ನ ಮೇಲೆ ಕೋಪ ಇದೆಯಾ?"

"ಕೋಪಾನಾ? ನಿನಗೋಸ್ಕರವೇ ಹುಷಾರಾಗಿದ್ದಿದ್ದು ಅವರು."

ಅತ್ತೆಯ ಮಾತನ್ನೂ ಉಲಾನ್ ಹೇಳಿದ್ದನ್ನೂ ಸೇರಿಸಿ ಬೆಗಾಯಿಮ್ ಬರೆದ ಹೇಳಿಕೆ ಒಂದೂವರೆ ಪುಟವಾಯಿತು. ಅದನ್ನು ಜಿಬೆಕ್ ಅಜ್ಜಿಗೆ ಜೋರಾಗಿ ಓದಿ ಹೇಳಿದಳು. ಜೂರಾಕಾನ್ ಒಂದು ಷರತ್ತು ಹಾಕಿದರು: ಹುಡುಗ ತಪ್ಪು ಮಾಡಿದ ಎಂಬ ಅರ್ಥ ಎಲ್ಲೂ ಬರಬಾರದು. ಇನ್ನೊಂದು ತಿದ್ದುಪಡಿ ಹೇಳಿದ್ದು ಜಿಬೆಕ್‌ಗೆ. "ಅಡುಗೆಯವಳು ಅಂತ ಬರೆದಿದೀರಲ್ಲ, ಮುಖ್ಯ ಅಡುಗೆಯವಳು ಅಂತ ಹಾಕು. ಕೈ ಕೆಳಗೆ ಮೂವರಿದ್ರು." ಆಮೇಲೆ ಸಹಿ ಹಾಕಿದರು.

ಮೇ ಐದರಂದು ಸಮಿತಿ ಕೂತಾಗ ಬೆಗಾಯಿಮ್ ಹೊರಗೆ ಕಾರಿಡಾರಿನಲ್ಲಿದ್ದಳು. ಎರಡು ಗಂಟೆಯ ನಂತರ ಕ್ಲಾರಾ ಇಸಾಕೊವ್ನಾ ಬಂದರು. "ಬೆಲ್ಟಿನ ತೂತು ಕೆಲಸ ಮಾಡ್ತು," ಎಂದರು. "ಒಬ್ಬ ಪ್ರೊಫೆಸರು ಅರ್ಧ ಗಂಟೆ ಕೂಗಾಡಿದರು. ಒಬ್ಬ ಮುದುಕಿ ಮಾತಿಗೆ ನೂರ ಹದಿನೆಂಟು ಜನರ ಅಧ್ಯಯನ ನಿಲ್ಲಿಸ್ತೀರಾ ಅಂತ. ನಿಲ್ಲಿಸಲ್ಲ, ಕಾಯ್ತೀವಿ ಅಂದೆ. ಹದಿನಾರನೇ ವಾರ ಎರಡೂ ಗುಂಪಿನವರಿಗೆ ಫೋನಿನಲ್ಲಿ ಪ್ರಶ್ನೆ. ಕೇಳೋರು ದೂರದ ಕರಾಕೋಲ್ ಊರಿನವರು. ಯಾರಿಗೆ ಯಾವ ಔಷಧಿ ಅಂತ ಅವರಿಗೆ ಹೇಳಲ್ಲ. ಆಗ್ಲಾ?"

"ಕೇಳುವಾಗ ಮನೆಯವರು ಹತ್ತಿರ ಇರಬಾರದು."

"ಅದೂ ಬರೆದಿದೀವಿ. ನಿನ್ನ ಅತ್ತೇದೇ ಮಾತು ಅದು, ಅಲ್ವಾ? ಅವರಿಗೆ ನಮ್ಮ ಆಫೀಸಲ್ಲಿ ಕೆಲಸ ಕೊಡ್ಬೇಕು."

ಎರಡು ಗುಂಪಿನ ನಡುವಿನ ಆ ಐದು ಅಂಕದ ಅಂತರ ಫೋನಿನಲ್ಲಿ ಒಂದೂವರೆಗೆ ಇಳಿಯಿತು. ಕ್ಯಾಪ್ಸೂಲು ನಿರುಪಯೋಗಿ ಎಂದಲ್ಲ, ಹಳೆಯ ಮಾತ್ರೆಯನ್ನು ತಳ್ಳಿ ಆ ಜಾಗದಲ್ಲಿ ಕೂರುವಂಥದ್ದಲ್ಲ ಎಂದಷ್ಟೇ. ಆದರೆ ಆ ಲೆಕ್ಕ ಕಚೇರಿಗೆ ಬಂದದ್ದು ಆಗಸ್ಟ್‌ನಲ್ಲಿ. ಈ ಮನೆಯ ಮಟ್ಟಿಗೆ ವಿಷಯ ಇತ್ಯರ್ಥವಾದದ್ದು ಮೇ ತಿಂಗಳ ಕೊನೆಯ ಮಂಗಳವಾರ.

ಕರೆ ಬರುವುದು ಹತ್ತಕ್ಕೆ ಎಂದಿದ್ದರು. ಬೆಗಾಯಿಮ್ ರಜೆ ಹಾಕಿದ್ದಳು, ತಾಲಾಯ್ ಅಂಗಡಿ ತೆರೆದಿರಲಿಲ್ಲ, ಜಿಬೆಕ್ ಶಾಲೆಗೆ ಹೋಗಿದ್ದಳು. ಬೆಗಾಯಿಮ್ ಬೆಳಿಗ್ಗೆಯೇ ಮೇಜಿನ ಮೇಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟಳು. ಜೂರಾಕಾನ್ ಅದನ್ನು ನೋಡಿದರು. ಫೋನು ರಿಂಗಾದಾಗ ತಾವೇ ಒಳಗಿನ ಬಾಗಿಲು ಹಾಕಿಕೊಂಡರು.

ಗಂಡ ಹೆಂಡತಿ ಹಿತ್ತಲಿಗೆ ಹೋಗಿ ಆಲೂಗಡ್ಡೆ ಗಿಡಗಳಿಗೆ ಮಣ್ಣು ಏರಿಸತೊಡಗಿದರು.

"ಉಲಾನ್ ಹತ್ತು ನಿಮಿಷದಲ್ಲಿ ಮುಗಿಸ್ತಿದ್ದ," ಎಂದ ತಾಲಾಯ್, ಕಾಲು ಗಂಟೆಯಾದಾಗ.

"ಹೂಂ."

"ಅರ್ಧ ಗಂಟೆ ಆಯ್ತು."

"ಮಣ್ಣು ಎಳಿ ತಾಲಾಯ್."

ನಲವತ್ತು ನಿಮಿಷಕ್ಕೆ ಅವನು ಒಂದೇ ಗಿಡಕ್ಕೆ ಮೂರನೆಯ ಸಲ ಮಣ್ಣು ಏರಿಸುತ್ತಿದ್ದ. ಐವತ್ತೆರಡನೆಯ ನಿಮಿಷಕ್ಕೆ ಬಾಗಿಲು ತೆರೆಯಿತು. ಜೂರಾಕಾನ್ ಮೆಟ್ಟಿಲ ಮೇಲೆ ನಿಂತಿದ್ದರು. ಮುಖ ಊದಿತ್ತು, ತಲೆಯ ವಸ್ತ್ರ ಹೆಗಲಿಗೆ ಜಾರಿತ್ತು. ಫೋನು ಕೈಯಲ್ಲೇ ಇತ್ತು.

"ಆ ಹೆಂಗಸು ಇವತ್ತೇ ದೊಡ್ಡ ಆಸ್ಪತ್ರೆಗೆ ಹೋಗಿ ಅಂದ್ಲು," ಎಂದರು. "ಅವಳೇ ಅಲ್ಲಿಗೆ ಫೋನ್ ಮಾಡಿ ಹೇಳಿದಾಳಂತೆ. ಸಂಜೆ ತನಕ ಕಾಯಬೇಡಿ ಅಂದ್ಲು."

ತಾಲಾಯ್ ಗುದ್ದಲಿ ಬಿಟ್ಟು ಕಾರಿನ ಕಡೆ ಓಡಿದ. ಬೆಗಾಯಿಮ್ ಒಳಗೆ ಹೋಗಿ ಅತ್ತೆಯ ಗುರುತಿನ ಚೀಟಿ, ಕೋಟು, ಚಪ್ಪಲಿ ತಂದಳು. ಬಾಗಿ ಚಪ್ಪಲಿ ತೊಡಿಸುವಾಗ ಜೂರಾಕಾನ್ ಅವಳ ಹೆಗಲ ಮೇಲೆ ಕೈಯಿಟ್ಟು ಭಾರ ಬಿಟ್ಟರು. ಇಷ್ಟು ವರ್ಷದಲ್ಲಿ ಅವರು ಯಾರ ಮೇಲೂ ಹಾಗೆ ಭಾರ ಬಿಟ್ಟವರಲ್ಲ.

ಕಾರಿನಲ್ಲಿ ತಾಲಾಯ್ ಕೀಲಿ ತಿರುಗಿಸಿದ. ಎಂಜಿನ್ ಎರಡು ಸಲ ನಿಂತಿತು. ಅವನು ಹಿಂದಕ್ಕೆ ತಿರುಗಿದ. ಎರಡು ವರ್ಷ ದಿನವೂ ಕೇಳಿದ್ದನ್ನೇ ಕೇಳಿದ.

"ಅಪಾ, ಹೇಗಿದೀಯಾ?"

"ಶುಕು—" ಎಂದು ಶುರುವಾದ ಬಾಯಿ ಅಲ್ಲೇ ನಿಂತಿತು. ಜೂರಾಕಾನ್ ಸೊಸೆಯ ಕೈ ಹುಡುಕಿ ಹಿಡಿದುಕೊಂಡರು.

"ಚೆನ್ನಾಗಿಲ್ಲ, ಮಗಾ," ಎಂದರು. "ಸ್ವಲ್ಪಾನೂ ಚೆನ್ನಾಗಿಲ್ಲ. ಗಾಡಿ ಬಿಡು."